ತೇಗದ ಡೆಕ್ಕಿಗೆ ಬಣ್ಣದ ಪೆನ್ಸಿಲ್: ನನ್ನ ಅನುಭವ

ನಿಜವಾದ ಹಡಗಿನ 700ರಲ್ಲಿ ಒಂದು ಪಾಲಿನ (1:700) ಅಳತೆಯಲ್ಲಿ ಮಾಡುತ್ತಿದ್ದ ಬ್ರಿಟನ್ನಿನ 'ಹುಡ್' ಯುದ್ಧನೌಕೆಯ ಪ್ಲಾಸ್ಟಿಕ್ ಮಾದರಿಗೆ, ತೇಗದ ಹಲಗೆ ಹಾಸಿದ ಅದರ ಮೇಲ್ಭಾಗವನ್ನು, ಅಂದರೆ ಡೆಕ್ಕನ್ನು, ಬಣ್ಣದ ಪೆನ್ಸಿಲಿನಿಂದ ಮಾಡುತ್ತೇನೆ ಎಂದಾಗ, "ಶಾಲೆ ಮಕ್ಕಳ ಚಿತ್ರದ ಹಾಗಾಗುತ್ತೆ, ಬೇಡ ಬಿಡಿ" ಎಂದಿದ್ದ ಬೆಂಗಳೂರಿನ ಗೆಳೆಯರೇ ಕಳೆದ ತಿಂಗಳು ತುಮಕೂರಿಗೆ ಬಂದು, ಮಾದರಿಯನ್ನು ಬೆಳಕಿಗೆ ಹಿಡಿದು ನೋಡಿ, ಮರದ ಹಾಳೆ ಅಂಟಿಸಿದ್ದೀರಾ ಎಂದು ಕೇಳಿದರು.

ಮರದ ಹಾಳೆಯನ್ನು ಅಂಟಿಸಿ ಕೈಸುಟ್ಟುಕೊಂಡವನೇ ನಾನು. ಲೇಸರಿನಲ್ಲಿ ಕತ್ತರಿಸಿದ ಡೆಕ್ಕಿಗೆ ಸುಂಕವೂ ಸೇರಿ ಸುಮಾರು 3,500 ರೂಪಾಯಿ ತೆತ್ತಿದ್ದೆ. ಏಪ್ರಿಲ್ ಬಿಸಿಲಿಗೆ ಅದರ ಅಂಚುಗಳು ಹಪ್ಪಳದಂತೆ ಎದ್ದವು. ಅನಂತರ ಹಲಗೆಗಳನ್ನು ಮರೆಮಾಡಲು ಟೇಪನ್ನು ಎಳೆ ಎಳೆಯಾಗಿ ಕತ್ತರಿಸಿ ಅಂಟಿಸಿ, ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ ಹಿಡಿದರೆ, ಮಧ್ಯಾಹ್ನದ ಸೆಕೆಗೆ ಬಣ್ಣ ಗಾಳಿಯಲ್ಲಿಯೇ ಒಣಗಿ ಡೆಕ್ ಉಪ್ಪುಕಾಗದದಂತಾಯಿತು. ಈಗ ಬೆಳಿಗ್ಗೆ 7ರ ಒಳಗೆ ಮಾತ್ರ ಆ ಕೆಲಸ. ಮೂರನೆಯ ಸಲ ಬರ್ಂಟ್ ಅಂಬರ್ ಎಂಬ ಗಾಢಗಂದು ಬಣ್ಣದ ವಾಶನ್ನು (ಸಂದುಗಳಿಗೆ ಇಳಿಯುವಂತೆ ತೆಳುಮಾಡಿದ ಬಣ್ಣ) ಗಟ್ಟಿಯಾಗಿ ಹರಿಸಿ, ಎಲ್ಲ ಸಂದುಗಳೂ ಒಂದೇ ಸಮನೆ ಕಪ್ಪಾಗಿ, ಹಡಗಿನ ಮೇಲೆ ಈಚಲು ಚಾಪೆ ಹಾಸಿದಂತೆ ಕಂಡಿತು.

ತಪ್ಪು ಅಲ್ಲಿಯೇ ಇತ್ತು. ಐದೂವರೆ ಅಂಗುಲದ ಹಲಗೆ ಈ ಅಳತೆಯಲ್ಲಿ 0.2 ಮಿ.ಮೀ. ಆಗುತ್ತದೆ ಎಂದ ಮೇಲೆ, ಅದರ ಸಂದು ಕಣ್ಣಿಗೆ ಬೀಳುವುದೇ ಅಸಹಜ. ಕಾಣಬೇಕಾದದ್ದು ಹಲಗೆಯಿಂದ ಹಲಗೆಗೆ ತುಸುವೇ ಬದಲಾಗುವ ಛಾಯೆ.

ಆದ್ದರಿಂದ ಪೂರ್ತಿ ಮ್ಯಾಟ್ (ಹೊಳಪಿಲ್ಲದ) ಆದ ತಿಳಿ ಟ್ಯಾನ್ (ಹಳದಿಗಂದು) ಬಣ್ಣವನ್ನು ಎರಡು ದಿನ ಒಣಗಿಸಿ (ಮಿರುಗು ಉಳಿದರೆ ಪೆನ್ಸಿಲ್ ಜಾರುತ್ತದೆ), ಹತ್ತು ಹಲಗೆಗಳಲ್ಲಿ ಮೂರಕ್ಕೆ ಮಾತ್ರ ಬೂದು, ಮಾಸಲು ಬಿಳಿ, ತಿಳಿಗಂದು ಪೆನ್ಸಿಲುಗಳನ್ನು ಸವರಿದೆ. ಬಿ.ಎಚ್. ರಸ್ತೆಯಲ್ಲಿ ಕೊಂಡ ಡಬ್ಬಿಗೆ 180 ರೂಪಾಯಿ ಇದ್ದಿರಬಹುದು. ಅದರ ಬೂದು ಬಣ್ಣ ಮೇಣದಂತಿದ್ದುದರಿಂದ ಅದೊಂದನ್ನು ಮಾತ್ರ ದುಬಾರಿಯದು ತರಿಸಿದೆ. ಮೊನೆಯನ್ನು ಯಾವುದರಲ್ಲಿ ಅದ್ದಿ ಬಳಸುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲಿಯೇ ಇರಲಿ. ಸುಮಾರು 37 ಸೆಂ.ಮೀ. ಉದ್ದದ ಹಡಗಿಗೆ 25 ಗಂಟೆಗಳಾದರೂ ಹಿಡಿಯಿತು. ಮೇಲೆ ಮ್ಯಾಟ್ ವಾರ್ನಿಶ್. ಅದು ಒಣಗಿದ ಮೇಲೆ ಅದೇ ಬರ್ಂಟ್ ಅಂಬರ್, ಆದರೆ ಕೊಳೆನೀರಿಗಿಂತಲೂ ತೆಳುವಾಗಿ.

ಬಣ್ಣ ಹೊಂದಿಸಲು ಬಡಗಿಯೊಬ್ಬರಿಂದ ತೇಗದ ತುಂಡು ತಂದು ತಾರಸಿಯ ಮೇಲೆ ನಾಲ್ಕೈದು ತಿಂಗಳು ಬಿಸಿಲು ಮಳೆಗೆ ಬಿಟ್ಟಿದ್ದೆ. ಅದು ಬೂದಿಯ ಬಣ್ಣಕ್ಕೆ ತಿರುಗಿದಾಗಲೇ ನನ್ನ ಹಳೆಯ ಡೆಕ್ಕುಗಳೆಲ್ಲ ಕಿತ್ತಳೆ ಹಣ್ಣಿನಂತಿದ್ದವೆಂದು ತಿಳಿದದ್ದು. ಕಾಫಿ ಡಿಕಾಕ್ಷನ್ನನ್ನೂ ಪ್ರಯತ್ನಿಸಿದೆ. ಅಕ್ರಿಲಿಕ್ ಬಣ್ಣದ ಮೇಲೆ ಅದು ಹನಿಗಟ್ಟಿ ನಿಂತು ಕಲೆಯಾಯಿತು.

ಈಗ ಮೇಜಿನ ಮೇಲೆ ಜಪಾನಿನ ಯುದ್ಧನೌಕೆ 'ಯಮಾಟೊ' ಇದೆ. ಅದರ ಡೆಕ್ ತೇಗದ್ದಲ್ಲ, ಹಿನೋಕಿ ಎಂಬ ಸೈಪ್ರಸ್ ಜಾತಿಯ ಮರ. ಹೀಗಾಗಿ ಬೂದು ಪೆನ್ಸಿಲನ್ನು ಬದಿಗಿಟ್ಟು ತಿಳಿಹಳದಿಯಿಂದ ಆರಂಭಿಸಿದ್ದೇನೆ, ಪರೀಕ್ಷೆಗೆಂದು ಬಣ್ಣ ಹಚ್ಚಿದ ಮೊದಲ ಪ್ಲಾಸ್ಟಿಕ್ ತುಣುಕು ಆಗಲೇ ಹಾಳಾಗಿದೆ.