ಏಳನೇ ಕ್ಲಾಸ್ ಮಕ್ಳ ಜೊತೆ ವರ್ಷಪೂರ್ತಿ ನೆರಳು ಅಳೆದಿದ್ದು

ಕೋಲಾರದ ಕಡೆ ಸ್ಕೂಲೊಂದ್ರಲ್ಲಿ ಸೈನ್ಸ್ ಹೇಳ್ಕೊಡ್ತೀನಿ. ಋತುಗಳ ಪಾಠನ ಗ್ಲೋಬು, ಟಾರ್ಚು ಇಟ್ಕೊಂಡು ಎಷ್ಟು ಸಲ ಮಾಡಿದ್ರೂ ಪರೀಕ್ಷೇಲಿ "ಬೇಸಿಗೇಲಿ ಭೂಮಿ ಸೂರ್ಯನ ಹತ್ರ ಹೋಗತ್ತೆ, ಅದಕ್ಕೇ ಸೆಖೆ" ಅಂತಾನೇ ಬರೆಯೋರು. ನಾವು ಸೂರ್ಯನಿಗೆ ತುಂಬಾ ಹತ್ರ ಇರೋದು ಜನವರಿ ಶುರುವಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರು, ದೂರ ಹೋಗೋದು ಜುಲೈ ಶುರುವಲ್ಲಿ, 15.2 ಕೋಟಿ. ಹೇಳಿದಾಗ ತಲೆ ಆಡಿಸ್ತಾರೆ, ಆಮೇಲೆ ಮತ್ತೆ ಅದೇ ಉತ್ತರ. ಅದಕ್ಕೇ ಒಂದು ವರ್ಷ ಜೂನ್‌ನಲ್ಲಿ ಸ್ಕೂಲ್ ಬಾಗಿಲು ತೆಗೆದ ತಕ್ಷಣ ಅಂಗಳದಲ್ಲಿ ಕೋಲು ನೆಟ್ವಿ.

ಮೊದಲ್ನೇ ವಾರದ ಅಳತೆ ಒಂದಕ್ಕೊಂದು ತಾಳೆನೇ ಆಗ್ಲಿಲ್ಲ, ನೋಡಿದ್ರೆ ಕೋಲು ವಾಲಿತ್ತು. ಹುಡುಗನೊಬ್ಬನ ಅಪ್ಪ ಗಾರೆ ಕೆಲ್ಸದೋರು, ಅವ್ರು ತೂಗುಗುಂಡು ತಂದು ನೆಟ್ಟಗೆ ನಿಲ್ಲಿಸಿ ಬುಡಕ್ಕೆ ಸಿಮೆಂಟ್ ಮೆತ್ತಿ ಸುತ್ತ ನೆಲನೂ ಮಟ್ಟ ಮಾಡ್ಕೊಟ್ರು. ನೆಲದಿಂದ ಸರಿಯಾಗಿ 1 ಮೀಟರ್. ದಿಕ್ಕಿಗೆ ಹಳೇ ಶಂಕುವಿನ ಉಪಾಯ: ಕೋಲಿಗೆ ದಾರ ಕಟ್ಟಿ ಸುತ್ತ ವೃತ್ತ ಎಳೆದ್ವಿ, ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿದ ಕಡೆ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದ ಕಡೆ ಇನ್ನೊಂದು, ಎರಡನ್ನೂ ಸೇರಿಸಿದ್ರೆ ಪೂರ್ವ-ಪಶ್ಚಿಮ ಸಿಕ್ತು.

12 ಗಂಟೆಗೆ ಅಳೆದ್ರೆ ಸಾಕು ಅಂದ್ರು ಮಕ್ಳು. ಆಯ್ತು, ನೋಡೇಬಿಡೋಣ ಅಂತ ಐದೈದು ನಿಮಿಷಕ್ಕೆ ಚುಕ್ಕಿ ಇಟ್ಕೊಂಡು ಹೋದ್ರೆ ಎಲ್ಲಕ್ಕಿಂತ ಚಿಕ್ಕ ನೆರಳು ಬಂದಿದ್ದು 12:20ರ ಹತ್ರ. ಗಡಿಯಾರ ಮುಂದಿದೆ ಅಂತ ವಾದ. ನಮ್ ದೇಶದ ಟೈಮು ಮಿರ್ಜಾಪುರದ ಹತ್ರ ಹಾದುಹೋಗೋ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ನಾಲ್ಕು ಚಿಲ್ಲರೆ ಡಿಗ್ರಿ ಪಶ್ಚಿಮಕ್ಕಿದೀವಿ, ಡಿಗ್ರಿಗೆ 4 ನಿಮಿಷ ಅಂತ ಬೋರ್ಡ್ ಮೇಲೆ ಅವ್ರ ಕೈಯಲ್ಲೇ ಲೆಕ್ಕ ಹಾಕಿಸ್ದೆ.

ಜೂನ್ 21ಕ್ಕೆ ಮೋಡದ ಸಂದೀಲಿ ಬಿಸಿಲು ಬಂತು. 18 ಸೆಂಟಿಮೀಟರ್, ಅದೂ ಕೋಲಿನ ದಕ್ಷಿಣಕ್ಕೆ. "ಹಂಗಾದ್ರೆ ಸೂರ್ಯ ಉತ್ತರದಲ್ಲಿದಾನಾ ಮಿಸ್" ಅಂತ ಹಿಂದಿನ ಬೆಂಚಿನ ಹುಡುಗಿ ಕೇಳಿದ್ಲು, ಅವ್ಳು ಅಲ್ಲಿವರೆಗೂ ಕ್ಲಾಸಲ್ಲಿ ಬಾಯೇ ಬಿಟ್ಟಿರ್ಲಿಲ್ಲ. ಆಗಸ್ಟ್ 17ರ ಸುಮಾರಿಗೆ ನೆರಳು ಪೂರ್ತಿ ಬುಡಕ್ಕೆ ಬರ್ಬೇಕಿತ್ತು, ಮೋಡ ಬಿಡ್ಲಿಲ್ಲ, ತುಂಬಾ ಬೇಜಾರಾಯ್ತು. ಸೆಪ್ಟೆಂಬರ್ 23ಕ್ಕೆ ನೆರಳು ಉತ್ತರದ ಕಡೆ 23 ಸೆಂಟಿಮೀಟರ್. ಡಿಸೆಂಬರ್ 21ಕ್ಕೆ 74. ಆವತ್ತು ಟಾರ್ಚನ್ನ ಗ್ರಾಫ್ ಶೀಟ್ ಮೇಲೆ ನೆಟ್ಟಗೆ ಬಿಟ್ಟು, ಆಮೇಲೆ ಓರೆ ಮಾಡಿ, ಬೆಳಕು ಬಿದ್ದ ಚೌಕ ಎಣಿಸಿದ್ವಿ. ಓರೆಯಾದ್ರೆ ಅದೇ ಬೆಳಕು ಜಾಸ್ತಿ ಚೌಕಕ್ಕೆ ಹಂಚಿಹೋಗತ್ತೆ, ಅದಕ್ಕೇ ಚಳಿ ಅನ್ನೋದನ್ನ ಈ ಸಲ ನಾನು ಹೇಳ್ಲೇ ಇಲ್ಲ, ಅವ್ರೇ ಹೇಳಿದ್ರು.

ಡಿಸೆಂಬರ್ ಕೊನೇಲೇ ನೆರಳು ಗಿಡ್ಡ ಆಗೋಕೆ ಶುರು. "ಉತ್ತರಾಯಣ ಸಂಕ್ರಾಂತಿಗಲ್ವಾ ಶುರುವಾಗೋದು?" ಅಂದ ಒಬ್ಬ. ಇಡೀ ವರ್ಷದಲ್ಲಿ ನಂಗೆ ಬಹಳ ಇಷ್ಟ ಆದ ಪ್ರಶ್ನೆ ಇದು. ಭೂಮಿಯ ಅಕ್ಷ ಬುಗುರಿ ಥರ ನಿಧಾನಕ್ಕೆ ವಾಲಾಡತ್ತೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಸಂಕ್ರಾಂತಿನ ನಕ್ಷತ್ರಗಳ ಲೆಕ್ಕದಲ್ಲಿ ಇಡೋದ್ರಿಂದ ಅದಕ್ಕೂ ನಿಜವಾದ ಉತ್ತರಾಯಣಕ್ಕೂ 72 ವರ್ಷಕ್ಕೆ ಹೆಚ್ಚುಕಡಿಮೆ ಒಂದು ದಿನದ ಅಂತರ ಬೆಳೀತಾ ಬಂದಿದೆ. ಸುಮಾರು 1,700 ವರ್ಷದ ಹಿಂದೆ ಎರಡೂ ಜೊತೆಗೇ ಬರ್ತಿದ್ವು. ಹಬ್ಬದ ಎಳ್ಳು-ಬೆಲ್ಲ ತಿಂತಾ ಇದನ್ನೇ ಮಾತಾಡಿದ್ವಿ.

ಏಪ್ರಿಲ್ 25ಕ್ಕೆ ನೆರಳಿಲ್ಲದ ಮಧ್ಯಾಹ್ನ ಮತ್ತೆ ಬರತ್ತೆ, ಆದ್ರೆ ಅಷ್ಟೊತ್ತಿಗೆ ಬೇಸಿಗೆ ರಜೆ. ಆವತ್ತು 12:20ಕ್ಕೆ ನನ್ ಫೋನಿಗೆ ಒಂದು ಫೋಟೋ ಬಂತು. ಅದೇ ಹಿಂದಿನ ಬೆಂಚಿನ ಹುಡುಗಿ ಅಮ್ಮನ ಮೊಬೈಲಿಂದ ಕಳ್ಸಿದ್ದು. ಅವ್ರ ಮನೆ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಹಾಕಿತ್ತು, ಸುತ್ತ ಎಲ್ಲೂ ನೆರಳಿರ್ಲಿಲ್ಲ.