ನಾನೇ ಕಟ್ಟಿದ ವಿಮಾನವನ್ನು ಮೆತ್ತಗೆ ಇಳಿಸಲು ಕಲಿತದ್ದು

ಅಮೆರಿಕದಲ್ಲಿ ಕಿಟ್ ತರಿಸಿ ಗ್ಯಾರೇಜಿನಲ್ಲೇ ವಿಮಾನ ಕಟ್ಟಬಹುದು. ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು ಅನ್ನೋದು ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮ. ನಾನು ಕಟ್ಟಿದ್ದು ಎರಡು ಸೀಟಿನದು. ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ. ಪೂರ್ತಿ ತುಂಬಿದರೂ 600 ಕೆಜಿ ದಾಟುವುದಿಲ್ಲ. ಕಟ್ಟುವಾಗಿನಿಂದಲೂ ನನಗಿದ್ದ ದೊಡ್ಡ ಚಿಂತೆ ಇದನ್ನು ಇಳಿಸುವುದು ಹೇಗೆ ಅಂತ.

ಇಂಥ ವಿಮಾನ ಹಗುರ, ಗಾಳಿಯ ತಡೆ ಮಾತ್ರ ಜಾಸ್ತಿ. ಥ್ರಾಟಲ್ ಹಿಂದಕ್ಕೆಳೆದು ಎಂಜಿನ್ ಶಕ್ತಿ ಇಳಿಸಿದ ಕೂಡಲೇ ವೇಗ ಕುಸಿಯುತ್ತದೆ. ತರಬೇತಿಯ ಸೆಸ್ನಾ ವಿಮಾನ ರನ್‌ವೇ ಮೇಲೆ ಇನ್ನಷ್ಟು ದೂರ ತೇಲುತ್ತದೆ, ಇದು ಧೊಪ್ಪನೆ ಕೂರುತ್ತದೆ. ಕೆಳಗಿಳಿಯುವ ವೇಗ ಎರಡು ಪಟ್ಟಾದರೆ ಗೇರ್ (ಚಕ್ರ ಮತ್ತು ಅದನ್ನು ಹೊತ್ತ ಕಾಲುಗಳು) ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು. ಅಲ್ಲಿನ ಕಾರ್ಖಾನೆಯ ಸಣ್ಣ ವಿಮಾನಗಳ ಗೇರನ್ನು ಸೆಕೆಂಡಿಗೆ 7ರಿಂದ 10 ಅಡಿ ವೇಗದಲ್ಲಿ ನೆಲಕ್ಕೆ ಬಡಿದರೂ ತಡೆಯುವಂತೆ ಲೆಕ್ಕ ಹಾಕುತ್ತಿದ್ದರು. ಮನೆಯಲ್ಲಿ ಕಟ್ಟಿದ್ದಕ್ಕೆ ಆ ಕಟ್ಟಳೆ ಇಲ್ಲ.

ಹಾಗಾಗಿ ಮೊದಲು ಇದೇ ಮಾದರಿಯ ವಿಮಾನದಲ್ಲಿ ಶಿಕ್ಷಕರೊಬ್ಬರ ಜೊತೆ ಇಳಿಯುವ ಅಭ್ಯಾಸ ಮಾಡಿದೆ. ಆಮೇಲೆ ನನ್ನದನ್ನು ಹಾರಿಸಿದಾಗ, ಇಳಿಸುವ ಮುಂಚೆ ಎತ್ತರದಲ್ಲೇ ಸ್ಟಾಲ್ ಮಾಡಿ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾಗದಷ್ಟು ವೇಗ ಇಳಿಸಿ ನೋಡಿದೆ. ವೇಗ ಅಳೆಯಲು ಎದುರಿನ ಗಾಳಿ ಹಿಡಿಯುವ ಪಿಟೋ ಕೊಳವೆ ಕೂರಿಸಿದ್ದು ನಾನೇ. ನನ್ನ ಮೀಟರು ಕಿಟ್ ಪುಸ್ತಕದ ಅಂಕಿಯನ್ನೇ ತೋರಿಸಬೇಕೆಂದೇನಿಲ್ಲ, ಅಲ್ವಾ? ನನ್ನದರಲ್ಲಿ ಸ್ಟಾಲ್ ಆಗಿದ್ದು ಗಂಟೆಗೆ 40 ಮೈಲಿಯಲ್ಲಿ. ಅದರ 1.3 ಪಟ್ಟು, ಅಂದರೆ 52, ನಾನು ಇಳಿಯಲು ಬರುವ ವೇಗ. ಗಾಳಿ ಬಿಟ್ಟು ಬಿಟ್ಟು ಬೀಸುವ ದಿನ, ಆ ಏರಿಳಿತದ ಅರ್ಧದಷ್ಟು ಸೇರಿಸುತ್ತೇನೆ.

ಚಕ್ರ ನೆಲಕ್ಕೆ ಹತ್ತಿರವಾಗುವವರೆಗೂ ಸ್ವಲ್ಪ ಪವರ್ ಬಿಟ್ಟಿರುತ್ತೇನೆ. ಫ್ಲೇರ್ ಮಾಡುವಾಗ, ಅಂದರೆ ನೆಲ ಮುಟ್ಟುವ ಮುಂಚೆ ಮೂಗು ಮೆಲ್ಲಗೆ ಎತ್ತುವಾಗ, ಕಣ್ಣು ರನ್‌ವೇಯ ತುದಿಯಲ್ಲಿರಬೇಕು. ಮೂಗಿನ ಮುಂದಿನ ನೆಲ ನೋಡುತ್ತಿದ್ದರೆ ಎತ್ತರದ ಅಂದಾಜು ತಪ್ಪುತ್ತದೆ.

ವಿಮಾನ ಪುಟಿದರೆ ಮೂಗನ್ನು ಏರಿಸಿ ಇಳಿಸುವ ಸ್ಟಿಕ್ ಮುಂದಕ್ಕೆ ತಳ್ಳಲೇಬಾರದು. ತಳ್ಳಿದರೆ ಮೂಗಿನ ಚಕ್ರವೇ ಮೊದಲು ಬಡಿಯುತ್ತದೆ. ಮುಂದಿನ ಪುಟಿತ ಇನ್ನೂ ಜೋರು. ಗೇರ್ ಮುರಿಯುವುದು, ಪ್ರೊಪೆಲ್ಲರ್ ನೆಲಕ್ಕೆ ತಾಗುವುದು ಹೆಚ್ಚಾಗಿ ಆಗಲೇ. ನಾನು ಮೂಗನ್ನು ಹಾಗೇ ಹಿಡಿದು, ಪೂರ್ತಿ ಪವರ್ ಕೊಟ್ಟು ಮತ್ತೆ ಮೇಲೇರುತ್ತೇನೆ.

ಸ್ವಲ್ಪ ಗಟ್ಟಿಯಾಗಿ ಕೂತಿತು ಅನ್ನಿಸಿದರೂ ಸಾಕು, ಹ್ಯಾಂಗರಿಗೆ ಬಂದು ಟಾರ್ಚ್ ಹಿಡಿಯುತ್ತೇನೆ. ಗೇರ್ ಬೋಲ್ಟ್ ಬಾಗಿದೆಯೇ? ವೆಲ್ಡಿಂಗ್ ಬಳಿ ಬಣ್ಣ ಬಿರುಕು ಬಿಟ್ಟಿದೆಯೇ? ಎಂಜಿನ್ ಹೊತ್ತ ಮೌಂಟ್ ಕೂರುವಲ್ಲಿ ಫೈರ್‌ವಾಲ್ (ಎಂಜಿನ್ ಹಿಂದಿನ ಬೆಂಕಿತಡೆ ಗೋಡೆ) ತಗಡು ಸುಕ್ಕಾಗಿದೆಯೇ? ಪ್ರೊಪೆಲ್ಲರ್ ನೆಲಕ್ಕೆ ತಾಗಿದ್ದರಂತೂ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ ಪರೀಕ್ಷೆ ಆಗುವವರೆಗೆ ಎಂಜಿನ್ ಶುರು ಮಾಡುವ ಮಾತೇ ಇಲ್ಲ.