ಸೆಂಚುರಿಯನ್ ಪೈಲಟ್‌ನನ್ನು ಅಖಾಡಕ್ಕೆ ಅಣಿ ಮಾಡುವುದು

ಬ್ಯಾಟಲ್‌ಟೆಕ್ ಬೋರ್ಡ್ ಆಟದಲ್ಲಿ ನನಗೆ ಅತಿ ಪ್ರಿಯವಾದ ಆಟಗಾರಿಕೆ ಒಂದೇ: ಸೈನ್ಯದಿಂದ ಹೊರಬಿದ್ದ ಮೆಕ್ (ಒಳಗೆ ಕೂತು ನಡೆಸುವ ದೈತ್ಯ ಯುದ್ಧಯಂತ್ರ) ಪೈಲಟ್‌ನನ್ನು ಸೊಲಾರಿಸ್ 7 ಗ್ರಹದ ಅಖಾಡಕ್ಕೆ ಇಳಿಸಿ, ಪಂದ್ಯದಿಂದ ಪಂದ್ಯಕ್ಕೆ ಅವನನ್ನು ಬೆಳೆಸುವುದು. ಇದಕ್ಕೆ ಮೂಲ ಮಾದರಿ ಬ್ಯಾಟಲ್‌ಟೆಕ್ ಕಾದಂಬರಿಗಳ ಪಾತ್ರ ಜಸ್ಟಿನ್ ಅಲಾರ್ಡ್. ಡೇವಿಯನ್ ಎಂಬ ರಾಜಮನೆತನದ ಸೈನ್ಯದ ಅಧಿಕಾರಿ, ಎಡಗೈ ಕಳೆದುಕೊಂಡವನು, ದೇಶದ್ರೋಹದ ಆರೋಪ ಹೊತ್ತು ಸೊಲಾರಿಸ್ ಸೇರಿ ಜಸ್ಟಿನ್ ಶಿಯಾಂಗ್ ಎಂಬ ಹೆಸರಲ್ಲಿ ಕಾದಿದವನು. ಚೀನೀಯರ ಯಮರಾಜನ ಹೆಸರು ಹೊತ್ತ ಅವನ ಮೆಕ್ ಯೆನ್-ಲೋ-ವಾಂಗ್ ಮೂಲತಃ ಸೆಂಚುರಿಯನ್ ಎಂಬ ಮಾದರಿಯದು. ನಾನೂ ಸೆಂಚುರಿಯನ್‌ನಿಂದಲೇ ಶುರು ಮಾಡುತ್ತೇನೆ. ಆದರೆ ಕೆಳಗಿನ ಮಾರ್ಪಾಡು ಅವನದಲ್ಲ, ನನ್ನದು.

ಸೈನ್ಯದ ಸಿಎನ್‌9-ಎ ಸೆಂಚುರಿಯನ್ 50 ಟನ್ನಿನದು. ಬಲಗೈಯಲ್ಲಿ ಎಸಿ 10 (ಸ್ವಯಂಚಾಲಿತ ತೋಪು), ಎಡ ಎದೆಯಲ್ಲಿ ಎಲ್‌ಆರ್‌ಎಂ 10 (ದೂರಗಾಮಿ ಕ್ಷಿಪಣಿಗಳು), ನಡುಎದೆಯಲ್ಲಿ ಮುಂದಕ್ಕೊಂದು ಹಿಂದಕ್ಕೊಂದು ಮೀಡಿಯಂ ಲೇಸರ್, ಶಾಖ ಇಳಿಸುವ 10 ಹೀಟ್ ಸಿಂಕ್, 8.5 ಟನ್ ಕವಚ. ಜೊತೆಗಾರರು ಇರುವಾಗ ಇದು ಒಳ್ಳೆಯ ಯಂತ್ರ. ಒಂಟಿ ಕಾಳಗಕ್ಕೆ ಬಂದರೆ ತೊಂದರೆ ಇದೆ: ಎಲ್‌ಆರ್‌ಎಂಗೆ 6 ಹೆಕ್ಸ್ (ಬೋರ್ಡಿನ ಆರು ಮೂಲೆಯ ಮನೆ) ವರೆಗೆ ಕನಿಷ್ಠ ದೂರದ ದಂಡ (ತೀರಾ ಹತ್ತಿರವಿದ್ದರೆ ಗುರಿ ಕಷ್ಟ), ಮೀಡಿಯಂ ಲೇಸರ್‌ನ ಹತ್ತಿರದ ಅಳತೆ (ಇದರೊಳಗೆ ದೂರದ ದಂಡವಿಲ್ಲ) 3 ಹೆಕ್ಸ್, ಎಸಿ 10ರದು 5. ಮೂರು ಆಯುಧಕ್ಕೂ ಬೇರೆ ಬೇರೆ ದೂರ. ಎಲ್ಲಿ ನಿಂತರೂ ಯಾವುದೋ ಒಂದು ದಂಡಕ್ಕೆ ಸಿಗುತ್ತದೆ.

ಹಾಗಾಗಿ ಎಲ್ಲವನ್ನೂ 3 ಹೆಕ್ಸ್‌ಗೆ ಕಟ್ಟುತ್ತೇನೆ. ಎಸಿ 10, ಎಲ್‌ಆರ್‌ಎಂ, ಅವೆರಡರ ನಾಲ್ಕು ಟನ್ ಮದ್ದುಗುಂಡು ತೆಗೆದರೆ 21 ಟನ್ ಖಾಲಿ. ಅದರಲ್ಲಿ 14 ಟನ್ ಇನ್ನೂ ದೊಡ್ಡ ತೋಪಾದ ಎಸಿ 20ಗೆ, 2 ಟನ್ ಅದರ ಗುಂಡುಗಳಿಗೆ (ಟನ್ನಿಗೆ 5ರಂತೆ ಒಟ್ಟು 10), 2 ಟನ್ ಕವಚಕ್ಕೆ, 3 ಟನ್ ಹೀಟ್ ಸಿಂಕ್‌ಗೆ. ಎಸಿ 20ಕ್ಕೆ 10 ಸ್ಲಾಟ್ (ಮೆಕ್‌ನ ಪ್ರತಿ ಭಾಗದಲ್ಲಿ ಸಾಮಾನು ಇಡುವ ಖಾನೆ) ಬೇಕು. ಭುಜ ಮತ್ತು ಮೇಲ್ತೋಳು ಬಿಟ್ಟರೆ ಬಲಗೈಯಲ್ಲಿ ಉಳಿಯುವುದೂ ಸರಿಯಾಗಿ 10. ಆದ್ದರಿಂದ ಕೆಳತೋಳಿನ ಆಕ್ಚುಯೇಟರ್ (ಚಲಿಸುವ ಕೀಲು) ಇದ್ದರೆ ಕಿತ್ತುಹಾಕಲೇಬೇಕು. ಹಿಂದಕ್ಕೆ ಮುಖ ಮಾಡಿದ ಲೇಸರನ್ನು ಮುಂದಕ್ಕೆ ತಿರುಗಿಸುತ್ತೇನೆ. ಎಸಿ 20ರ ಹತ್ತಿರದ ಅಳತೆಯೂ 3, ಲೇಸರಿನದೂ 3.

ಶಾಖದ ಲೆಕ್ಕ ಹೀಗೆ: ಎಸಿ 20ಗೆ 7, ಎರಡು ಲೇಸರ್‌ಗೆ 6, ಓಡಿದರೆ 2. ಒಟ್ಟು 15, ಇಳಿಯುವುದು 13. ಓಡುತ್ತ ಎಲ್ಲವನ್ನೂ ಹಾರಿಸಿದರೂ ಸುತ್ತಿಗೆ 2 ಮಾತ್ರ ಉಳಿಯುತ್ತದೆ. ದಂಡ ಶುರುವಾಗುವುದು 5ಕ್ಕೆ, ಅಂದರೆ ಮೂರನೇ ಸುತ್ತಿಗೆ. ಅಷ್ಟರಲ್ಲಿ ಒಂದು ಸಲ ಲೇಸರ್ ಒಂದನ್ನು ಸುಮ್ಮನಿರಿಸಿದರೆ ಸಾಕು.

ಹೆಚ್ಚಿನವರು ಎಡವುವುದು ಗುಂಡು ಇಡುವ ಜಾಗದಲ್ಲಿ. ಬಲ ಎದೆಯಲ್ಲಿ ಇಡಬೇಡಿ. ಎದುರಾಳಿ ಬಲಗೈಯ ತೋಪಿಗೇ ಗುರಿಯಿಡುತ್ತಾನೆ ಎಂದಲ್ಲ. ಬಲಗೈ ಹೋದ ಮೇಲೆ ಅಲ್ಲಿಗೆ ಬೀಳುವ ಪ್ರತಿ ಪೆಟ್ಟೂ ಬಲ ಎದೆಗೇ ವರ್ಗವಾಗುತ್ತದೆ. ಎಲ್‌ಆರ್‌ಎಂ ಖಾಲಿ ಮಾಡಿದ ಎಡ ಎದೆಯಲ್ಲಿ ಇಡಿ, ಆದರೆ ಗುಂಡನ್ನಷ್ಟೇ ಇಡಬೇಡಿ. ಕ್ರಿಟಿಕಲ್ ದಾಳ (ಕವಚ ದಾಟಿದ ಪೆಟ್ಟು ಯಾವ ಸ್ಲಾಟಿಗೆ ಎಂದು ಹೇಳುವುದು) ಖಾಲಿ ಸ್ಲಾಟಿಗೆ ಬಿದ್ದರೆ ಮತ್ತೆ ಎಸೆಯಬೇಕಲ್ಲ, ಹಾಗಾಗಿ ಎದೆಯಲ್ಲಿ ಎರಡು ಟನ್ ಗುಂಡು ಮಾತ್ರ ಇದ್ದರೆ ಪ್ರತಿ ಕ್ರಿಟಿಕಲ್ಲೂ ಗುಂಡಿಗೇ ತಗಲುತ್ತದೆ. ಒಂದು ತುಂಬಿದ ಟನ್ ಸಿಡಿದರೆ 5 ಗುಂಡು, ತಲಾ 20, ಒಟ್ಟು 100 ಹಾನಿ. ಎಡ ಎದೆಯ ಒಳಚೌಕಟ್ಟಿಗಿರುವುದು 12 ಚುಕ್ಕಿ (ಒಂದು ಚುಕ್ಕಿ 1 ಹಾನಿ ತಡೆಯುತ್ತದೆ). ಈ ಮೆಕ್‌ನ 200 ಅಳತೆಯ ಎಂಜಿನ್ 8 ಹೀಟ್ ಸಿಂಕನ್ನು ತನ್ನೊಳಗೇ ನುಂಗುತ್ತದೆ. ಹೊರಗುಳಿದ ಐದನ್ನೂ ನಾನು ಎಡ ಎದೆಗೆ ತುರುಕುತ್ತೇನೆ. ಆಗ ಏಳು ಸ್ಲಾಟಲ್ಲಿ ಎರಡು ಮಾತ್ರ ಗುಂಡು.

ಕವಚ 10.5 ಟನ್, 168 ಚುಕ್ಕಿ. ತಲೆಗೆ 9, ನಡುಎದೆ ಮುಂದೆ 27 ಹಿಂದೆ 5, ಪಕ್ಕದ ಎದೆಗಳಿಗೆ ಮುಂದೆ 20 ಹಿಂದೆ 4, ಕಾಲಿಗೆ 24, ಬಲಗೈಗೆ 16, ಎಡಗೈಗೆ 15. ಪಕ್ಕದ ಎದೆಗೆ 20 ಬೇಕೇ ಬೇಕು. ಎದುರಾಳಿಯ ಎಸಿ 20 ಪೂರ್ತಿ ಬಡಿದರೂ ಒಳಗೆ ಇಳಿಯುವುದಿಲ್ಲ. 19 ಇಟ್ಟರೆ ಕ್ರಿಟಿಕಲ್ ದಾಳ ಎಸೆಯಬೇಕಾಗುತ್ತದೆ.

ಹಣದ ಲೆಕ್ಕ: ತೋಪಿಗೆ 3,00,000 ಸಿ-ಬಿಲ್ (ಆಟದ ಹಣ), ಗುಂಡಿಗೆ 20,000, ಕವಚಕ್ಕೆ 20,000, ಹೀಟ್ ಸಿಂಕ್‌ಗೆ 6,000. ತೆಗೆದ ಎಸಿ 10 ಮತ್ತು ಎಲ್‌ಆರ್‌ಎಂ ಅರ್ಧ ಬೆಲೆಗೆ ಹೋಗುತ್ತವೆ ಎಂಬುದು ನಮ್ಮ ಮೇಜಿನ ನಿಯಮ, ಅದರಿಂದ 1,50,000 ವಾಪಸ್.

ಇನ್ನು ಪೈಲಟ್. ಸೈನ್ಯದಿಂದ ಬರುವಾಗ ಗನ್ನರಿ (ಗುರಿ ಹೊಡೆಯುವ ಕೌಶಲ) 4, ಪೈಲಟಿಂಗ್ (ಮೆಕ್ ನಡೆಸುವ ಕೌಶಲ) 5; ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮಲ್ಲಿ ಗೆಲುವಿಗೆ 2 ಅಂಕ, ಸೋಲಿಗೆ 1; ಪೈಲಟಿಂಗ್ ಒಂದು ಮೆಟ್ಟಿಲು ಸುಧಾರಿಸಲು 4 ಅಂಕ, ಗನ್ನರಿಗೆ 8. ಎಲ್ಲರೂ ಗನ್ನರಿಗೆ ಕೂಡಿಡುತ್ತಾರೆ. ನಾನು ಮೊದಲು ಪೈಲಟಿಂಗನ್ನು 3ಕ್ಕೆ ತರುತ್ತೇನೆ. ಒಂದೇ ಹಂತದಲ್ಲಿ 20 ಹಾನಿ ತಿಂದ ಮೆಕ್ +1 ದಂಡದೊಂದಿಗೆ ಸಮತೋಲನದ ದಾಳ ಎಸೆಯಬೇಕು. ಪೈಲಟಿಂಗ್ 5 ಇದ್ದರೆ ಎರಡು ದಾಳ ಸೇರಿ 6 ಅಥವಾ ಹೆಚ್ಚು ಬೀಳಬೇಕು, ಶೇ. 28ರಷ್ಟು ಸಲ ನೆಲಕ್ಕೆ. 3 ಇದ್ದರೆ ಶೇ. 8. ಬಿದ್ದರೆ 5 ಹಾನಿ, ಪೈಲಟ್‌ಗೆ ಗಾಯದ ಅಪಾಯ, ಏಳುವ ಪ್ರತಿ ಯತ್ನಕ್ಕೂ 2 ಚಲನೆ. ಅಷ್ಟರಲ್ಲಿ ಪಕ್ಕದ ಹೆಕ್ಸ್‌ನಲ್ಲಿರುವವನು ದಾಳದಲ್ಲಿ 2 ಕಡಿಮೆ ಬಿದ್ದರೂ ಹೊಡೆಯುತ್ತಾನೆ. ಒದೆಯೂ ಪೈಲಟಿಂಗ್ ಮೇಲೆಯೇ, 2 ಕಳೆದು. ತೋಪು ಹಾರಿಸಿದ ಸುತ್ತಿನಲ್ಲೂ ಒದೆಯಬಹುದು: 10 ಹಾನಿ, ಜೊತೆಗೆ ಎದುರಾಳಿ ಸಮತೋಲನದ ದಾಳ ಎಸೆಯಬೇಕು. ಒದೆ ತಪ್ಪಿದರೆ ಆ ದಾಳ ನಿಮ್ಮದು ಎಂಬುದು ನೆನಪಿರಲಿ.

ಮೊದಲ ಎದುರಾಳಿಯಾಗಿ ಆರ್‌ಎಫ್‌ಎಲ್-3ಎನ್ ರೈಫಲ್‌ಮನ್ ಮೆಕ್ ಸಿಕ್ಕರೆ ಅದೃಷ್ಟ. 60 ಟನ್, ಆದರೆ ಕವಚ 7.5 ಟನ್, ಹೀಟ್ ಸಿಂಕ್ ಬರೀ 10. ಎರಡು ಲಾರ್ಜ್ ಲೇಸರ್ ಹಾರಿಸಿ ನಡೆದರೆ 17 ಶಾಖ, ಸುತ್ತಿಗೆ 7 ಉಳಿಯುತ್ತದೆ. ಎರಡೇ ಸುತ್ತಿಗೆ 14ಕ್ಕೆ ಮುಟ್ಟಿ, ಯಂತ್ರ ಸ್ಥಗಿತವಾಗದಿರಲು ದಾಳ ಎಸೆಯುವ ಸ್ಥಿತಿ. ನಾನು ದೂರದಲ್ಲಿ ಗುಂಡು ವ್ಯರ್ಥ ಮಾಡದೆ 5–6 ಹೆಕ್ಸ್ ಓಡುತ್ತ ಬರುತ್ತೇನೆ. ಮಧ್ಯಮ ದೂರದಲ್ಲಿ, ನಡೆಯುತ್ತ ಹೊಡೆಯುವ ಗನ್ನರಿ 4ರ ಎದುರಾಳಿಗೆ ಆಗ ದಾಳದಲ್ಲಿ 9 ಬೇಕು, ಶೇ. 28. ಕೊನೆಯ ಸುತ್ತಲ್ಲಿ ನಡಿಗೆಗೆ ಇಳಿದು ಕರಾರುವಾಕ್ಕಾಗಿ 3 ಹೆಕ್ಸ್‌ನಲ್ಲಿ ನಿಲ್ಲುತ್ತೇನೆ. ಅವನು 3–4 ಹೆಕ್ಸ್ ಸರಿದಿದ್ದರೆ ನನಗೆ 6 ಸಾಕು, ಶೇ. 72. ನಾಲ್ಕನೇ ಹೆಕ್ಸ್‌ನಲ್ಲಿ ನಿಂತರೆ ಅದೇ ಹೊಡೆತಕ್ಕೆ 8 ಬೇಕು, ಶೇ. 42ಕ್ಕೆ ಕುಸಿಯುತ್ತದೆ. ಅವನ ಪಕ್ಕದ ಎದೆಗೆ ಮುಂದೆ 15, ಹಿಂದೆ ಬರೀ 2. ಇನಿಷಿಯೇಟಿವ್ (ಎದುರಾಳಿಯ ನಂತರ ಚಲಿಸುವ ಹಕ್ಕು) ಗೆದ್ದ ಸುತ್ತಿನಲ್ಲಿ ಹಿಂದಕ್ಕೆ ಸುತ್ತಿ ಬನ್ನಿ. ಸೋತ ಸುತ್ತಿನಲ್ಲಿ ಅಖಾಡದ ಗೋಡೆಗೆ ಬೆನ್ನು ಕೊಡಿ.

ಎಡಗೈಗೆ ಕೊಡಲಿ ಹಾಕಿಸಬೇಕೆಂಬ ಆಸೆ ಪ್ರತಿ ಪೈಲಟ್‌ಗೂ ಒಂದು ದಿನ ಬರುತ್ತದೆ. 50 ಟನ್ ಮೆಕ್‌ಗೆ ಅದು 4 ಟನ್ ತೂಗುತ್ತದೆ, ಹಾನಿ 10. ಒದೆಯದೂ 10, ತೂಕವಿಲ್ಲದೆ, ಅದಕ್ಕಿಂತ 1 ಸುಲಭವಾಗಿ. ಕೊಡಲಿ ಎದೆಗೂ ತಲೆಗೂ ತಗಲಬಲ್ಲದು ನಿಜ. ಆದರೂ ಆ 4 ಟನ್ನಿಗಾಗಿ ಮೂರು ಹೀಟ್ ಸಿಂಕ್ ಮತ್ತು ಒಂದು ಟನ್ ಗುಂಡು ಬಿಟ್ಟುಕೊಡಬೇಕು. ಐದೇ ಗುಂಡು ಹಿಡಿದು ನಾನು ಯಾವ ಪೈಲಟ್‌ನನ್ನೂ ಅಖಾಡಕ್ಕೆ ಕಳಿಸುವುದಿಲ್ಲ.